ಮೂರನೆಯ ಸ್ಟ್ಯಾಂಡಿನ ವಿಯೋಲಾ

"ಪೆಟ್ಟಿಗೆ ಮುಚ್ಚು," ಎಂದಳು ಗೇಶೆ.

ವೀಬ್ಕೆ ಪಿಟೀಲಿಗಿಂತ ತುಸು ದೊಡ್ಡದಾದ ತನ್ನ ವಿಯೋಲಾವನ್ನು ಗದ್ದದ ಕೆಳಗೆ ಒತ್ತಿಕೊಂಡು ಬಿರಡೆ ತಿರುವುತ್ತಿದ್ದಳು. ನವೆಂಬರ್ ಚಳಿಗೆ ತಂತಿಗಳ ಶ್ರುತಿ ಇಳಿದುಹೋಗಿತ್ತು. ಸ್ಮಶಾನದ ಪ್ರಾರ್ಥನಾಮಂದಿರಕ್ಕೆ ಅಂಟಿಕೊಂಡ ಆ ಸಣ್ಣ ಕೋಣೆಯಲ್ಲಿ ಅವಳ ಜೊತೆ ಇನ್ನೂ ಮೂವರು ವಾದ್ಯ ಹಿಡಿದು ಕೂತಿದ್ದರು. ನಾಲ್ವರೂ ರಂಗಮಂದಿರದ ವಾದ್ಯವೃಂದದವರು. ತೀರಿಕೊಂಡ ಹೆನಿಂಗ್‌ಗಾಗಿ ಒಂದು ನಿಧಾನದ ತುಣುಕನ್ನು ಮೂರು ದಿನದಿಂದ ಅಭ್ಯಾಸ ಮಾಡಿಕೊಂಡು ಬಂದಿದ್ದರು.

"ಶ್ರುತಿ ನೋಡ್ಕೋತಾ ಇದ್ದೀವಿ ಅಷ್ಟೆ ಗೇಶೆ," ಎಂದಳು ವೀಬ್ಕೆ. "ಇನ್ನೂ ಐದು ನಿಮಿಷ ಇದೆ ಅಂದ್ರು ಪಾದ್ರಿಗಳು."

"ಶ್ರುತಿನೂ ಬೇಡ, ಸಂಗೀತನೂ ಬೇಡ. ಎಲ್ಲರೂ ಮುಚ್ಚಿ." ಹೆನಿಂಗ್‌ನ ಹೆಂಡತಿ ಗೇಶೆ ಕೋಟಿನ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಹಾಳೆ ತೆಗೆದಳು. "ನಿನ್ನೆ ಸಂಜೆ ಅವನ ಮೇಜಿನಲ್ಲಿ ಸಿಕ್ತು. ನೀವು ನುಡಿಸ್ತೀರಿ ಅಂತ ಗೊತ್ತಿದ್ರೆ ನಿಮಗೂ ಫೋನ್ ಮಾಡಿ ಹೇಳ್ತಿದ್ದೆ. ಓದು. ಜೋರಾಗೇ ಓದು."

ಹೆನಿಂಗ್‌ನ ನೆಟ್ಟನೆಯ ಸಣ್ಣಕ್ಷರ. ಹದಿನೇಳು ವರ್ಷ ಇಬ್ಬರೂ ಹಂಚಿಕೊಂಡ ಒಂದೇ ಸ್ಟ್ಯಾಂಡಿನ ಸಂಗೀತದ ಹಾಳೆಗಳ ಅಂಚಿನಲ್ಲಿ ಅದನ್ನು ಓದಿದವಳು ವೀಬ್ಕೆ. ಕಣ್ಣು ಮುಚ್ಚಿದರೂ ಗುರುತು ಹಿಡಿಯಬಲ್ಲಳು.

'ನನ್ನ ಮಣ್ಣಿಗೆ ರಂಗಮಂದಿರದವರು ಬರುವುದಾದರೆ ಬರಲಿ, ಕೂರಲಿ. ಯಾರೂ ನುಡಿಸಕೂಡದು. ಓಲ್ಟ್‌ಮನ್ಸ್ ಮಾತ್ರ ಬರಲೇಕೂಡದು. ನನ್ನ ಕಿವಿಯ ವಿಷಯ ಮೇಲಿನವರಿಗೆ ಚಾಡಿ ಹೇಳಿದವನು ನನ್ನ ಗುಂಡಿಯ ಹತ್ತಿರ ನಿಲ್ಲುವುದು ನನಗೆ ಬೇಕಿಲ್ಲ.'

ಓದಿ ಮುಗಿಸುವಷ್ಟರಲ್ಲಿ ಅವಳ ದನಿ ತಗ್ಗಿಹೋಗಿತ್ತು. ಹಾಳೆಯನ್ನು ಗೇಶೆಗೆ ಹಿಂದಿರುಗಿಸಿ, ವಿಯೋಲಾವನ್ನು ಪೆಟ್ಟಿಗೆಯಲ್ಲಿಟ್ಟು, ಎರಡು ಕೊಂಡಿಗಳನ್ನೂ ಹಾಕಿದಳು.

ಚಾಡಿ ಹೇಳಿದವನು ಟ್ರಂಪೆಟ್ ಊದುವ ಎಗೋನ್ ಓಲ್ಟ್‌ಮನ್ಸ್ ಅಲ್ಲ. ಹೇಳಿದವಳು ವೀಬ್ಕೆ. ಆರು ವರ್ಷಗಳಿಂದ ಅದು ಅವಳಿಗೂ ರಂಗಮಂದಿರದ ಮ್ಯಾನೇಜರನಿಗೂ ಮಾತ್ರ ಗೊತ್ತಿತ್ತು.

ಪ್ರಾರ್ಥನಾಮಂದಿರದಲ್ಲಿ ಅರವತ್ತು ಜನ ಇದ್ದರು. ಹೊಟ್ಟೆಪಾಡಿಗಾಗಿ ಬದುಕಿಡೀ ಸದ್ದು ಮಾಡಿಕೊಂಡು ಬಂದವರೆಲ್ಲ ಕೈಕಟ್ಟಿ ಕೂತು ಪಾದ್ರಿಯ ನೆಗಡಿಯ ಮೂಗಿನ ಸದ್ದು ಕೇಳಿದರು. ಹೆನಿಂಗ್ ಬ್ರೋಡರ್ಸನ್, ಹಡಗುಕಟ್ಟೆಯ ಕಾರ್ಮಿಕರ ಕೇರಿಯಲ್ಲಿ ಹುಟ್ಟಿದವರು, ಎಂದು ಪಾದ್ರಿ ಓದಿದರು. ಮೂವತ್ತನಾಲ್ಕು ವರ್ಷ ನಮ್ಮೂರ ರಂಗಮಂದಿರದಲ್ಲಿ ವಿಯೋಲಾ ನುಡಿಸಿದವರು. ತೋಟದಲ್ಲಿ ಎಲೆ ಗುಡಿಸುತ್ತಿದ್ದಾಗ ಹೃದಯ ನಿಂತಿತು. ಅರವತ್ತೇಳು ವರ್ಷ.

"ಮೂವತ್ತನಾಲ್ಕು ವರ್ಷ ಒಂದು ಗುಂಡೀಲಿ ಕೂತಿದ್ದ, ಈಗ ಇನ್ನೊಂದಕ್ಕೆ ಹೊರಟ," ಎಂದು ಪಕ್ಕದಲ್ಲಿದ್ದ ಮುದುಕಿ ಇರ್ಮ್‌ಗಾರ್ಡ್ ಪಿಸುಗುಟ್ಟಿದಳು. ಚೆಲ್ಲೊ ನುಡಿಸುತ್ತಿದ್ದವಳು, ನಿವೃತ್ತಳಾಗಿ ಹತ್ತು ವರ್ಷವಾಗಿತ್ತು. ನಾಲಗೆ ಮಾತ್ರ ನಿವೃತ್ತವಾಗಿರಲಿಲ್ಲ. "ಇದರಲ್ಲಾದ್ರೂ ಬೆನ್ನ ಹಿಂದೆ ಟ್ರಂಪೆಟ್ ಇರಲ್ಲ ಬಿಡು."

ವೀಬ್ಕೆಗೆ ನಗು ಬರಲಿಲ್ಲ.

* * *

ರಂಗದ ಮುಂದೆ ವಾದ್ಯವೃಂದ ಕೂರುವ ತಗ್ಗನ್ನು ಅಲ್ಲಿಯವರು ಗುಂಡಿ ಎಂದೇ ಕರೆಯುವುದು. ಹಳೆಯ ರಂಗಮಂದಿರ ಯುದ್ಧದಲ್ಲಿ ಸುಟ್ಟುಹೋದ ಮೇಲೆ ವಾದ್ಯವೃಂದ ಮೂರು ಚಳಿಗಾಲ ಮೀನು ಹರಾಜಿನ ಶೆಡ್ಡಿನಲ್ಲಿ ಒಪೆರಾ ನುಡಿಸಿತ್ತಂತೆ. ಪಿಟೀಲಿನವರ ಬೂಟಿಗೆ ಮೀನಿನ ಹುರುಪೆ ಅಂಟುತ್ತಿದ್ದುದನ್ನು ಹಿರಿಯರು ಹೊಸಬರಿಗೆ ಹೇಳಿ ನಗುತ್ತಿದ್ದರು. ಆಮೇಲೆ ಅವಸರದಲ್ಲಿ ಹೊಸ ಕಟ್ಟಡ ಎದ್ದಿತು. ಪ್ರೇಕ್ಷಕರಿಗೆ ಎರಡು ಸಾಲು ಕುರ್ಚಿ ಹೆಚ್ಚು ಹಾಕಬೇಕೆಂದು ಗುಂಡಿಯನ್ನು ರಂಗದ ಅಡಿಗೇ ತಳ್ಳಿಬಿಟ್ಟರು. ಐವತ್ತೆಂಟು ಜನ ಅರ್ಧ ಬೆಳಕು ಅರ್ಧ ಕತ್ತಲೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರಬೇಕು. ವಿಯೋಲಾಗಳ ಮೂರನೆಯ ಸ್ಟ್ಯಾಂಡಿನ ಹಿಂದೆ ಒಂದು ಮೊಳ ಜಾಗ ಬಿಟ್ಟರೆ ಟ್ರಂಪೆಟ್‌ಗಳ ಬಾಯಿ.

ವೀಬ್ಕೆ ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಬಂದು ಹೆನಿಂಗ್‌ನ ಎಡಕ್ಕೆ ಕೂತಾಗ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಹಾಳೆ ತಿರುವೋವಾಗ ಬೆರಳಿಗೆ ಉಗುಳು ಹಚ್ಕೋತೀಯಾ?"

"ಇಲ್ಲ."

"ಹಾಗಾದ್ರೆ ಸಂಸಾರ ನಡೆಯತ್ತೆ."

ನಡೆಯಿತು. ಮಾತು ಕಡಿಮೆಯ ಮನುಷ್ಯ. ಬಿಡುವಿನಲ್ಲಿ ಸೇಬನ್ನು ಚಾಕುವಿನಿಂದ ಎಂಟು ಹೋಳು ಮಾಡಿ ನಾಲ್ಕನ್ನು ಅವಳ ಕಡೆ ತಳ್ಳುತ್ತಿದ್ದ. ಅವನ ಅಪ್ಪ ಹಡಗುಕಟ್ಟೆಯಲ್ಲಿ ಕಬ್ಬಿಣದ ತಗಡಿಗೆ ಮೊಳೆ ಹೊಡೆಯುತ್ತಿದ್ದವನು, ನಲವತ್ತೈದಕ್ಕೇ ಕಿವುಡಾಗಿದ್ದ. "ಊಟದ ಮೇಜಿನಲ್ಲಿ ನಾವೆಲ್ಲ ಕಿರುಚಾಡ್ತಿದ್ವಿ," ಎಂದು ಹೆನಿಂಗ್ ಒಮ್ಮೆ ಹೇಳಿದ್ದ. "ಸದ್ದಿಲ್ಲದ ಕೆಲಸ ಹಿಡೀಬೇಕು ಅಂತ ವಿಯೋಲಾ ಹಿಡಿದೆ. ನಗ್ಬೇಕಾದ್ರೆ ನಗು ನೀನು."

ಐದು ಸಾವಿರ ಸಂಜೆಗಳಲ್ಲಿ ಅರ್ಧದಷ್ಟು ಬ್ಯಾಲೆಗೇ ನುಡಿಸಿದ್ದರೂ ಅವನು ಒಂದನ್ನೂ ನೋಡಿದವನಲ್ಲ. ಗುಂಡಿಯಿಂದ ಕಾಣುವುದು ರಂಗದ ಅಂಚಿನ ಹಲಗೆ ಮಾತ್ರ. ನೃತ್ಯಗಾರರು ಅವರ ಪಾಲಿಗೆ ತಲೆಯ ಮೇಲೆ ದಡದಡ ಎನ್ನುವ ಪಾದಗಳು. ಆ ಸದ್ದಿನಿಂದಲೇ ಹೆನಿಂಗ್ ಅವರನ್ನು ಗುರುತಿಸುತ್ತಿದ್ದ. "ಇವತ್ತು ಆ ಹುಡುಗಿಗೆ ಎಡಗಾಲು ನೋಯ್ತಿದೆ," ಎನ್ನುತ್ತಿದ್ದ. ಮಾರನೆಯ ದಿನ ಕೇಳಿದರೆ ಅದು ನಿಜವಾಗಿರುತ್ತಿತ್ತು.

ಹಾಗೆ ಹೇಳುವುದನ್ನು ಅವನು ಯಾವಾಗ ನಿಲ್ಲಿಸಿದನೋ ವೀಬ್ಕೆ ಗಮನಿಸಲಿಲ್ಲ. ಗಮನಿಸಿದ್ದು ಬೇರೆ: ವಿಯೋಲಾಗಳು ಸೇರಿಕೊಳ್ಳಬೇಕಾದ ಜಾಗ ಬಂದಾಗ ಅವನ ಕಣ್ಣು ಹಾಳೆಯ ಮೇಲಿರದೆ ಅವಳ ಕಮಾನಿನ ಮೇಲಿರುತ್ತಿತ್ತು.

"ಬಲಗಿವೀಲಿ ಸಿಳ್ಳೆ," ಎಂದ, ಕೇಳಿದಾಗ. "ಹಗಲೂ ರಾತ್ರಿ. ಎಡಗಿವಿ ಪರವಾಗಿಲ್ಲ. ಯಾರಿಗೂ ಹೇಳ್ಬೇಡ."

ಅವಳು ಹೇಳಲಿಲ್ಲ. ಜಾಗ ಬಂದಾಗ ಮೂಗಿನಿಂದ ಜೋರಾಗಿ ಉಸಿರೆಳೆದಳು. ಅದೂ ಸಾಲದಾದಾಗ ಬೂಟಿನ ತುದಿಯಿಂದ ಅವನ ಕಾಲು ತಟ್ಟಿದಳು. ನಾಲ್ಕು ವರ್ಷ, ವಾರಕ್ಕೆ ಐದು ಸಂಜೆ, ಇಬ್ಬರಿಗಾಗಿಯೂ ಅವಳೇ ತಾಳ ಎಣಿಸಿದಳು.

* * *

ಶವಪೆಟ್ಟಿಗೆ ಇಳಿಸಿದ ಮೇಲೆ ಜನ ಸಾಲಾಗಿ ಬಂದು ಪುಟ್ಟ ಸಲಿಕೆಯಿಂದ ಮಣ್ಣು ಹಾಕಿದರು. ವೀಬ್ಕೆ ಹಾಕುವಾಗ ಗೇಶೆ ಅವಳ ಕೈ ಹಿಡಿದುಕೊಂಡಳು.

"ನಿನ್ನ ಮೇಲೆ ಅವನಿಗೆ ಯಾವ ಸಿಟ್ಟೂ ಇರಲಿಲ್ಲ, ತಿಳ್ಕೋ. 'ಅಲ್ಲಿ ಮನುಷ್ಯರು ಅಂತ ಇದ್ದಿದ್ದು ವೀಬ್ಕೆ ಒಬ್ಬಳೇ' ಅಂತಿದ್ದ. ನುಡಿಸಬೇಡ ಅಂದಿದ್ದಕ್ಕೆ ಬೇಜಾರಾಗ್ಬೇಡ."

ಕಾಫಿಗೆ ಎಲ್ಲರೂ ಎದುರಿನ ಹೋಟೆಲಿಗೆ ನಡೆದರು. ಸ್ಮಶಾನದ ಗೇಟಿನ ಆಚೆ, ಬೀದಿಯಲ್ಲಿ, ಟೋಪಿ ಕೈಯಲ್ಲಿ ಹಿಡಿದು ಒಬ್ಬ ದಪ್ಪನೆಯ ಮನುಷ್ಯ ನಿಂತಿದ್ದ. ಎಗೋನ್ ಓಲ್ಟ್‌ಮನ್ಸ್. ಒಳಗೆ ಬರಬಾರದೆಂದು ಗೇಶೆ ಬೆಳಿಗ್ಗೆಯೇ ಅವನಿಗೆ ಫೋನ್ ಮಾಡಿದ್ದಳಂತೆ. ಹಾದುಹೋಗುತ್ತಿದ್ದವರಲ್ಲಿ ಕೆಲವರು ತಲೆಯಾಡಿಸಿದರು, ಕೆಲವರು ಬೀದಿಯ ಆ ಬದಿಗೆ ದಾಟಿದರು. ವೀಬ್ಕೆ ನಿಂತಳು.

"ಎಷ್ಟು ಹೊತ್ತಿನಿಂದ ಇಲ್ಲಿದ್ದೀಯ?"

"ಗಂಟೆ ಹೊಡೆದಾಗಿನಿಂದ." ಟ್ರಂಪೆಟ್ ಊದುವವನ ಎದೆ, ಮೆಲ್ಲಗೆ ಆಡಿದರೂ ಆಚೆ ಬೀದಿಗೆ ಕೇಳುವ ಗಂಟಲು ಅವನದು. "ಗೇಟಿನ ಒಳಗೆ ಕಾಲಿಟ್ಟಿಲ್ಲ, ನೋಡು. ಬೀದಿ ಏನು ಗೇಶೆಯದಾ?"

"ಎಗೋನ್..."

"ಬಿಡು. ತಪ್ಪು ಅವಳದಲ್ಲ, ನನ್ನದೇ." ಅವನು ಟೋಪಿಯನ್ನು ಸುತ್ತಿಸಿದ. "ಯಾರಿಗೂ ಹೇಳಿಲ್ಲ, ನಿನಗೆ ಹೇಳ್ತೀನಿ. ಆ ವರ್ಷ ಕ್ಯಾಂಟೀನಲ್ಲಿ ಎರಡು ಬಿಯರ್ ಕುಡಿದು ಬಾಯಿಬಿಟ್ಟಿದ್ದೆ. 'ಹೆನಿಂಗ್ ತಲೆಗೇ ಊದಿದ್ರೂ ತಿರುಗಿ ನೋಡಲ್ಲ, ಪುಣ್ಯಾತ್ಮ' ಅಂತ. ತಮಾಷೆಗೆ ಅಂದಿದ್ದು. ತಿರುಗಿ ನೋಡಿದ್ರೆ ಹಿಂದಿನ ಮೇಜಲ್ಲಿ ಮ್ಯಾನೇಜರ್. ಎರಡೇ ವಾರಕ್ಕೆ ಹೆನಿಂಗ್‌ನ ಕಿವಿ ಪರೀಕ್ಷೆಗೆ ಕಳಿಸಿದ್ರು. ಇನ್ನೇನು ಬೇಕು?"

ವೀಬ್ಕೆಗೆ ಇದು ಗೊತ್ತಿರಲಿಲ್ಲ. ಹೆನಿಂಗ್ ಸುಮ್ಮನೆ ಯಾರನ್ನೋ ಅನುಮಾನಿಸಿದ, ಎಗೋನ್ ಅದನ್ನು ಕೊಡವಿಕೊಂಡು ತನ್ನ ಪಾಡಿಗೆ ತಾನಿದ್ದಾನೆ ಎಂದೇ ಅವಳು ಅಂದುಕೊಂಡಿದ್ದಳು. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

"ನಮ್ಮಿಬ್ಬರ ತೋಟ ಅಕ್ಕಪಕ್ಕ, ಗೊತ್ತಲ್ಲ ನಿನಗೆ," ಎಂದ ಎಗೋನ್. "ಮೊದಲು ನಡುವೆ ಏನೂ ಇರಲಿಲ್ಲ. ಆಮೇಲೆ ಒಂದೇ ಭಾನುವಾರದಲ್ಲಿ ಆಳೆತ್ತರದ ಹಲಗೆ ಬೇಲಿ ಎಬ್ಬಿಸಿಬಿಟ್ಟ. ನಾನು ಈ ಕಡೆ ನಿಂತು ಕೂಗಿದೆ. 'ಹೆನಿಂಗ್, ನಾನು ಬೇಕೂಂತ ಅಂದಿದ್ದಲ್ಲ ಕಣೋ' ಅಂತ. ಮೊಳೆ ಹೊಡೀತಾನೇ ಇದ್ದ. ಕೇಳಿಸಿತೋ ಇಲ್ಲವೋ, ಅದೂ ಗೊತ್ತಾಗಲಿಲ್ಲ." ಅವನು ಗೇಟಿನ ಕಂಬಿಗಳ ನಡುವಿಂದ ಒಳಗೆ ನೋಡಿದ. "ಅವತ್ತು ಅವನು ಬಿದ್ದಾಗ ನಾನು ಈ ಕಡೆಯೇ ಇದ್ದೆ ವೀಬ್ಕೆ. ಗುಡಿಸೋ ಸದ್ದು ನಿಂತಿದ್ದು ಕೇಳಿಸಿತು. ದಣಿದು ಕೂತಿರಬೇಕು ಅಂದ್ಕೊಂಡೆ. ಬೇಲಿಯಿಂದಾಚೆ ಇಣುಕೋಕೆ ನನಗೆ ಮುಖ ಇರಲಿಲ್ಲ."

* * *

ಆರು ವರ್ಷಗಳ ಹಿಂದೆ ನುಡಿಸುತ್ತಿದ್ದ ಬ್ಯಾಲೆಯೊಂದರ ಎರಡನೆಯ ಅಂಕದಲ್ಲಿ ಒಂದೆಡೆ ಇಡೀ ವಾದ್ಯವೃಂದ ನಿಲ್ಲುತ್ತದೆ. ಎರಡು ಆವರ್ತದಷ್ಟು ಮೌನ. ಮೇಲೆ ನರ್ತಕ ನರ್ತಕಿಯನ್ನು ತಲೆಯಿಂದ ಮೇಲಕ್ಕೆ ಎತ್ತಿ ಹಿಡಿದಿರುತ್ತಾನೆ. ಮತ್ತೆ ವಿಯೋಲಾಗಳು ಶುರುಮಾಡಿದಾಗ, ಅವರ ದನಿಗೆ ಸರಿಯಾಗಿ, ಅವಳನ್ನು ಇಳಿಸುತ್ತಾನೆ.

ಆ ಸಂಜೆ ವೀಬ್ಕೆಗೆ ಜ್ವರವಿತ್ತು. ಮೌನದ ನಡುವೆ ಸೀನು ಬಂದಂತಾಗಿ ತಡೆದುಕೊಳ್ಳಲು ಮೂಗಿನಿಂದ ಜೋರಾಗಿ ಉಸಿರೆಳೆದಳು. ಹೆನಿಂಗ್ ಅದನ್ನು ಸನ್ನೆಯೆಂದು ತಿಳಿದ. ಒಂದು ಆವರ್ತ ಮೊದಲೇ, ಅವನೊಬ್ಬನ ವಿಯೋಲಾ, ಆ ನಿಶ್ಶಬ್ದದಲ್ಲಿ, ತುಂಬು ದನಿಯಲ್ಲಿ ಎದ್ದಿತು.

ಗುಂಡಿಯಲ್ಲಿದ್ದವರಿಗೆ ಏನೂ ಕಾಣಲಿಲ್ಲ. ತಲೆಯ ಮೇಲೆ ಧಡ್ಡೆಂಬ ಸದ್ದು ಕೇಳಿಸಿತು. ಆ ಸದ್ದು ಹಾಳೆಯಲ್ಲಿ ಬರೆದಿದ್ದುದಲ್ಲ. ಪರದೆ ಬಿತ್ತು.

ನರ್ತಕಿಯ ಭುಜದ ಮೂಳೆ ಮುರಿದಿತ್ತು. ವಾದ್ಯವೃಂದದ ನಿರ್ದೇಶಕ ಬಗ್ಗಿ ವಿಯೋಲಾಗಳ ಕಡೆ ನೋಡಿ, "ಯಾರದು ಅದು?" ಎಂದು ಕೇಳಿದಾಗ ಹೆನಿಂಗ್ ಸುಮ್ಮನೆ ಅವನ ತುಟಿಗಳನ್ನೇ ನೋಡುತ್ತಿದ್ದ. ಪ್ರಶ್ನೆಯೇ ಅವನಿಗೆ ಕೇಳಿಸಿರಲಿಲ್ಲ. ವೀಬ್ಕೆ ಕಮಾನು ಎತ್ತಿದಳು.

"ನನ್ನದು," ಎಂದಳು.

ಮಾರನೆಯ ದಿನ ಅವಳ ಕೈಗೆ ಎಚ್ಚರಿಕೆಯ ಪತ್ರ ಬಂತು. ಹೆನಿಂಗ್ ಅವಳನ್ನು ಮೆಟ್ಟಿಲ ಕೆಳಗೆ ಕರೆದೊಯ್ದು ಎರಡೂ ಕೈ ಹಿಡಿದುಕೊಂಡು ಅತ್ತ.

"ನೀನೇ ಹೋಗಿ ಹೇಳು ಹೆನಿಂಗ್," ಎಂದಳು ಅವಳು. "ಸಂಗೀತದ ಹಾಳೆಗಳ ಕೋಣೆಯಲ್ಲಿ ಕೆಲಸ ಕೊಡ್ತಾರೆ. ಇಬ್ಬರಿಗೆ ಕೊಟ್ಟಿದ್ದಾರೆ ಹಿಂದೆ."

"ಇನ್ನು ನಾಲ್ಕೇ ವರ್ಷ. ನೀನು ಪಕ್ಕದಲ್ಲಿದ್ರೆ ಆಗತ್ತೆ."

ನಾಲ್ಕು ವರ್ಷ! ಅವಳು ಆ ರಾತ್ರಿಯಿಡೀ ಲೆಕ್ಕ ಹಾಕಿದ್ದು ಆ ನರ್ತಕಿಯ ಭುಜವನ್ನಲ್ಲ, ಆ ನಾಲ್ಕು ವರ್ಷಗಳ ಸಂಜೆಗಳನ್ನು. ಒಂದೇ ಒಂದು ಸಂಜೆ ತನ್ನ ಪಾಲಿನದನ್ನು ಮಾತ್ರ ಎಣಿಸಿ, ತನ್ನ ಪಾಲಿನದನ್ನು ಮಾತ್ರ ನುಡಿಸಿ ಮನೆಗೆ ಹೋಗಬೇಕು ಎಂಬ ಆಸೆ ಅವಳಿಗೆ ಹಸಿವಿನಂತೆ ಎದ್ದಿತು. ಮೂರನೆಯ ದಿನ ಮ್ಯಾನೇಜರನ ಬಾಗಿಲು ತಟ್ಟಿದಳು. ನಿಮ್ಮ ಹೆಸರು ಹೊರಗೆ ಬರುವುದಿಲ್ಲ ಎಂದು ಅವನು ಮಾತು ಕೊಟ್ಟ. ಹಾಳೆಗಳ ಕೋಣೆಯ ಮಾತು ಬಂದಾಗ, ನೋಡೋಣ, ಎಂದ. ಹೆನಿಂಗ್‌ಗೆ ಕೊಟ್ಟದ್ದು ಪರೀಕ್ಷೆಯ ಚೀಟಿ, ಹೂಗುಚ್ಛ, ಅವಧಿಗೆ ಮೊದಲೇ ನಿವೃತ್ತಿ. ಒಂದು ತಿಂಗಳೂ ಹಿಡಿಯಲಿಲ್ಲ.

ಎಗೋನ್ ಮೇಲೆ ಅನುಮಾನವೆಂದು ಹೆನಿಂಗ್ ಹೇಳಿದಾಗ ಬಾಯಿ ತೆರೆಯಬೇಕಿತ್ತು. ಸಿಟ್ಟು ಇಳಿಯಲಿ ಎಂದುಕೊಂಡಳು. ಇಳಿಯಲಿಲ್ಲ. ಪ್ರತಿ ಕ್ರಿಸ್‌ಮಸ್‌ಗೂ ಹೆನಿಂಗ್ ಹೊಗೆಯಲ್ಲಿ ಬೇಯಿಸಿದ ಹಾವುಮೀನನ್ನು ಕಾಗದದಲ್ಲಿ ಸುತ್ತಿ ಅವಳಿಗೆ ಕಳಿಸುತ್ತಿದ್ದ. ಅವಳು ತಿನ್ನುತ್ತಿದ್ದಳು.

* * *

"ಎಗೋನ್, ಹೇಳಿದ್ದು ನಾನು," ಎಂದಳು ವೀಬ್ಕೆ. "ಮ್ಯಾನೇಜರ್ ಹತ್ರ ನಾನೇ ಹೋಗಿದ್ದೆ. ನಿನ್ನ ಆ ತಮಾಷೆಗೂ ಇದಕ್ಕೂ ಸಂಬಂಧ ಇಲ್ಲ."

ಟ್ರ್ಯಾಮೊಂದು ಬಂದು, ನಿಂತು, ಹೊರಟುಹೋಯಿತು.

"ನೀನಾ?"

"ನಾನು."

"ಆರು ವರ್ಷ ನನ್ನ ಮುಂದೆಯೇ ಕೂತಿದ್ದೆಯಲ್ಲೇ," ಎಂದ ಎಗೋನ್. ಈಗ ಅವನ ದನಿ ನಿಜವಾಗಿಯೂ ಸಣ್ಣದಾಗಿತ್ತು. "ದಿನಾ ನಿನ್ನ ಬೆನ್ನೇ ಕಾಣ್ತಿತ್ತು ನನಗೆ." ಅಷ್ಟು ಹೇಳಿ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟ.

ಅವಳು ಬೀದಿ ದಾಟಿ ಹೋಟೆಲಿಗೆ ಹೋದಳು. ಕೋಟು ತೂಗುಹಾಕುವ ಓಣಿಯಲ್ಲಿ ಗೇಶೆ ಸಿಕ್ಕಳು. ಒಂದು ಕೈಯಲ್ಲಿ ಬೆಣ್ಣೆ ಕೇಕಿನ ತಟ್ಟೆ. ಈ ಊರಿನಲ್ಲಿ ಸಾವಿಗೆ ಅದೇ ಕೇಕು. ವೀಬ್ಕೆ ಹೇಳಿದಳು, ಬಿಡಿಸಿ, ಮೊದಲಿಂದ. ಜ್ವರ, ಉಸಿರು, ಮ್ಯಾನೇಜರನ ಬಾಗಿಲು. ಸುಸ್ತಾಗಿತ್ತು ಎಂಬುದನ್ನೂ ಬಿಡಲಿಲ್ಲ.

ಗೇಶೆ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಹೇಳಿದ್ದು ತಪ್ಪು ಅನ್ನಲ್ಲ," ಎಂದಳು. "ಆ ಹುಡುಗಿಯ ಕತ್ತು ಮುರಿದಿದ್ರೆ? ಯಾರಾದ್ರೂ ಹೇಳಬೇಕಿತ್ತು. ನಾನೇ ಹೇಳಬೇಕಿತ್ತು ಅಂತ ಇಟ್ಕೋ. ಆದ್ರೆ ಆಮೇಲೆ ಮನೆಗೆ ಬಂದು 'ನಾನೇ ಕಣೋ' ಅನ್ನೋಕೆ ಏನಾಗಿತ್ತು ನಿನಗೆ? ಬೈತಿದ್ದ. ಒಂದು ವರ್ಷ ಮಾತು ಬಿಡ್ತಿದ್ದ. ಅಷ್ಟೇ ತಾನೆ?"

"ಹೌದು."

"ನಾನು ಮಾತಾಡಿದ್ರೆ ಅವನಿಗೆ ಕೇಳಿಸ್ತಿರಲಿಲ್ಲ ವೀಬ್ಕೆ. ಚೀಟಿ ಬರೆದು ಕೊಡ್ತಿದ್ದೆ. 'ಸೂಪ್ ಆರ್ತಿದೆ' ಅಂತ ಚೀಟಿ. ಅವನಿಗೆ ಕೇಳಿಸೋ ಗಂಟಲು ಈ ಊರಲ್ಲಿ ಒಂದೇ ಒಂದಿತ್ತು. ಅದನ್ನ ಬೇಲಿ ಆಚೆಗೆ ಹಾಕ್ದೆ ನೀನು." ಅವಳು ಬಾಗಿಲ ಕಡೆ ಕೈ ತೋರಿಸಿದಳು. "ಹೋಗಿ ಎಗೋನ್‌ನ ಕರ್ಕೊಂಡು ಬಾ. ಆಮೇಲೆ ಒಳಗೆ ಎಲ್ಲರ ಮುಂದೆ ಇದನ್ನೇ ಹೇಳು. ನನ್ನೊಬ್ಬಳ ಕಿವೀಲಿ ಹಾಕಿ ಹಗುರಾಗಿ ಮನೆಗೆ ಹೋಗೋಕೆ ನಾನು ಬಿಡಲ್ಲ."

ಎಗೋನ್ ಒಳಗೆ ಕಾಲಿಟ್ಟಾಗ ಚಮಚಗಳ ಸದ್ದು ತಾನಾಗಿಯೇ ನಿಂತಿತು. ವೀಬ್ಕೆ ಬಾಗಿಲ ಬಳಿಯೇ ನಿಂತು ಹೇಳಿದಳು. ಐದಾರು ವಾಕ್ಯ. ಇನ್ನೂ ಉದ್ದವಾಗಬಹುದು ಎಂದುಕೊಂಡಿದ್ದಳು; ಅಷ್ಟರಲ್ಲೇ ಮುಗಿದುಹೋಯಿತು.

ಇರ್ಮ್‌ಗಾರ್ಡ್ ಕಪ್ಪನ್ನು ಕೆಳಗಿಟ್ಟಳು.

"ಅವನಿಗೆ ಕೇಳಿಸಲ್ಲ ಅಂತ ನಮಗೆಲ್ಲ ಗೊತ್ತಿತ್ತಲ್ಲ," ಎಂದಳು. "ನಾನು ಬಿಡೋ ವರ್ಷಾನೇ ಗೊತ್ತಿತ್ತು."

"ಸುಮ್ನಿರೇ ಇರ್ಮ್‌ಗಾರ್ಡ್," ಎಂದು ಯಾರೋ ಗದರಿದರು.

"ಯಾಕೆ ಸುಮ್ನಿರಲಿ? ಇವಳು ಅವನ ಕಾಲು ತುಳಿಯೋದನ್ನ ನೋಡಿಲ್ಲ ಅನ್ನೋರು ಕೈ ಎತ್ತಿ ನೋಡೋಣ."

ಒಂದು ಕೈಯೂ ಮೇಲೇಳಲಿಲ್ಲ. ಗೇಶೆ ಒಂದೊಂದೇ ಮುಖವನ್ನು ನೋಡುತ್ತ ಹೋದಳು. ಕೆಲವರು ಕೇಕಿನ ಕಡೆ ನೋಡಿದರು, ಕೆಲವರು ಕಿಟಕಿಯ ಕಡೆ. ಆಮೇಲೆ ಅವಳು ತನ್ನ ಪಕ್ಕದ ಕುರ್ಚಿಯನ್ನು ಹಿಂದಕ್ಕೆಳೆದಳು.

"ಎಗೋನ್, ಬಾ, ಕೂತ್ಕೋ. ಕಾಫಿ ಆರಿಹೋಗತ್ತೆ. ಅವನಿಗೆ ಆ ಬೇಲಿ ಕಟ್ಟೋಕೆ ಎಷ್ಟು ಹಲಗೆ ಹಿಡೀತು, ನಿನಗೆ ಗೊತ್ತಿರಬೇಕು. ಹೇಳು, ಜೋರಾಗಿ ಹೇಳು."

ಎಗೋನ್ ಕೂತ. ಬಾಯಿ ತೆರೆದ. ದನಿ ಹೊರಡಲಿಲ್ಲ. ಗೇಶೆ ಅವನ ಬೆನ್ನು ತಟ್ಟುತ್ತ ಕಾದಳು. ವೀಬ್ಕೆಗೆ ಯಾರೂ ಕುರ್ಚಿ ತೋರಿಸಲಿಲ್ಲ, ಹೊರಗೆ ಹೋಗು ಎಂದೂ ಅನ್ನಲಿಲ್ಲ.

ಐದೂವರೆಗೆ ವಾದ್ಯವೃಂದದವರು ಎದ್ದರು. ಏಳಕ್ಕೆ ಬ್ಯಾಲೆ. ಬಟ್ಟೆ ಬದಲಿಸುವ ಅಗತ್ಯವಿರಲಿಲ್ಲ. ಗುಂಡಿಯಲ್ಲೂ ಅವರು ಉಡುವುದು ಕಪ್ಪೇ. ಟ್ರ್ಯಾಮ್ ನಿಲ್ದಾಣದಲ್ಲಿ ಸಣ್ಣಗೆ ಮಳೆ ಹನಿಯುತ್ತಿತ್ತು. ಎಲ್ಲರೂ ಚಾವಣಿಯ ಒಂದು ತುದಿಯಲ್ಲಿ ಗುಂಪಾಗಿ ನಿಂತರು. ಇನ್ನೊಂದು ತುದಿಯಲ್ಲಿ ವೀಬ್ಕೆ ನಿಂತಳು.

ಟ್ರ್ಯಾಮ್ ಬಂತು. ಅವಳು ಹಿಂದಿನ ಬಾಗಿಲಿಂದ ಹತ್ತಿ, ವಾದ್ಯವನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು, ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಯ ಕಡೆಗೆ ಸರಿದು ಕೂತಳು. ಗಾಡಿ ಕೆಲಸ ಬಿಟ್ಟು ಮನೆಗೆ ಹೊರಟವರಿಂದ ತುಂಬಿತು. ಸಹೋದ್ಯೋಗಿಗಳು ಹಿಡಿಪಟ್ಟಿಗಳಿಗೆ ಜೋತುಬಿದ್ದು ನಿಂತರು. ಅವಳ ಪಕ್ಕದ ಜಾಗಕ್ಕೆ ಯಾರೂ ಬರಲಿಲ್ಲ.

ಕೊನೆಯಲ್ಲಿ ಎಗೋನ್ ಹತ್ತಿದ. ಜನರ ನಡುವೆ ನುಗ್ಗಿಕೊಂಡು ಬಂದು ಆ ಸೀಟಿನ ಪಕ್ಕದಲ್ಲೇ ನಿಂತ. ಖಾಲಿ ಜಾಗವನ್ನು ನೋಡಿದ. ಕೂರಲಿಲ್ಲ. ಅವಳ ಕಡೆಗೂ ನೋಡಲಿಲ್ಲ. ಹಡಗುಕಟ್ಟೆಯ ತಿರುವಿನಲ್ಲಿ ಗಾಡಿ ಜೋರಾಗಿ ವಾಲಿದಾಗ ಆಯ ತಪ್ಪಿ, ಅವನ ದಪ್ಪ ಕೈ ಅವಳ ಭುಜದ ಹಿಂದೆ, ಸೀಟಿನ ಕಂಬಿಯನ್ನು ಹಿಡಿದುಕೊಂಡಿತು. ಗಾಡಿ ನೆಟ್ಟಗಾಯಿತು. ಕೈ ಅಲ್ಲೇ ಇತ್ತು. ಒಂದು ನಿಲ್ದಾಣ ಬಂತು, ಇನ್ನೊಂದು ಬಂತು. ಅವನು ನಿಂತೇ ಇದ್ದ, ಕೈಯನ್ನು ತೆಗೆಯಲಿಲ್ಲ.